ಹನುಮಂತಕ್ಕನ ಮೂವತ್ತೆರಡು ಪುಟ

ನನಗೆ ಇಂಗ್ಲಿಷ್ ನಿಘಂಟು ಪೂರ್ತಿ ಬಾಯಿಪಾಠ. ಎ ಇಂದ ಜೆಡ್‌ವರೆಗೆ ಯಾರು ಬೇಕಾದರೂ ಓದಬಹುದು, ಅದರಲ್ಲೇನು ಹೆಚ್ಚುಗಾರಿಕೆ? ನಾನು ಜೆಡ್‌ನಿಂದ ಎ ಕಡೆಗೆ ಹಿಮ್ಮುಖವಾಗಿ, ಏಳನೇ ಕ್ಲಾಸಿನ ದಸರಾ ರಜೆಯಲ್ಲಿ, ಮಧ್ಯೆ ಒಂದು ಲೋಟ ನೀರನ್ನೂ ಕುಡಿಯದೆ ಮುಗಿಸಿದವನು. ಓದುವಾಗ ಕಣ್ಣಿಗೆ ಬಿದ್ದ ನಾನೂರು ತಪ್ಪುಗಳನ್ನು ಕಾರ್ಡಿನಲ್ಲಿ ಬರೆದು ಲಂಡನ್ನಿಗೆ ಕಳಿಸಿದ್ದೆ. ಅಂದಿನಿಂದ ಅವರು ಹೊಸ ಪದ ಸೇರಿಸುವ ಮೊದಲು ಸಾತನೂರಿನ ಪೋಸ್ಟಾಫೀಸಿಗೆ ಫೋನು ಮಾಡಿ, ‘ಬಾಲರಾಜು ಅವರು ಒಪ್ಪಿದರಾ?’ ಎಂದು ವಿಚಾರಿಸುತ್ತಾರೆ.

ಇಂಥ ನಾನು ಬಾಯಿ ಮುಚ್ಚಿಕೊಂಡು ನಿಲ್ಲುವ ಜಾಗ ಭೂಮಿಯ ಮೇಲೆ ಒಂದೇ ಒಂದಿದೆ. ಅದು ಸಾತನೂರಿನಿಂದ ಆರು ಕಿಲೋಮೀಟರ್ ಒಳಗೆ, ನಮ್ಮ ತೊರೆಮಾವಿನದೊಡ್ಡಿಯ ಹಾಲಿನ ಡೇರಿಯ ಮೆಟ್ಟಿಲು.

ಶನಿವಾರ, ಬೆಳಗಿನ ಐದೂಮುಕ್ಕಾಲು. ಪುಷ್ಯದ ಮಂಜು ಎಷ್ಟು ದಟ್ಟವಾಗಿದೆ ಎಂದರೆ ಎಮ್ಮೆಗಳು ಒಂದರ ಬಾಲ ಒಂದು ಕಚ್ಚಿಕೊಂಡು ನಡೆಯುತ್ತಿವೆ. ಡೇರಿಯ ಗೋಡೆಯ ಮೇಲೆ ಒಂದು ಬಲ್ಬು, ಅದರ ಕೆಳಗೆ ಎಮ್ಮೆಯಷ್ಟೇ ಕಪ್ಪಾದ ಬೋರ್ಡು. ಬೋರ್ಡಿನ ಮುಂದೆ ಸ್ವೆಟರಿನ ಮೇಲೆ ಸೆರಗು ಬಿಗಿದ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣವನ್ನು ರಂಗೋಲಿ ಎಳೆಯುವ ಹದದಲ್ಲಿ ಎಳೆಯುತ್ತಿದ್ದಾರೆ. ಸಿ. ಓ. ಎನ್. ಈ ಮೂರು ಅಕ್ಷರ ಬರೆಯುವಾಗ ಕೈ ತಡೆಯುವುದೇ ಇಲ್ಲ. ಆಮೇಲಿನ ಅಕ್ಷರಗಳಿಗೆ ಮಾತ್ರ ತೊಡೆಯ ಮೇಲಿನ ಕಾಗದದ ಕಟ್ಟನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

ಇವರು ಹನುಮಂತಮ್ಮ. ವಯಸ್ಸು ಐವತ್ತಮೂರು. ಹತ್ತೊಂಬತ್ತು ವರ್ಷದಿಂದ ಈ ಡೇರಿಯ ಟೆಸ್ಟರ್, ಅಂದರೆ ತಂದ ಹಾಲಿನಲ್ಲಿ ಫ್ಯಾಟು ಎಷ್ಟು, ನೀರು ಎಷ್ಟು ಎಂದು ಅಳೆದು ಹೇಳುವವರು. ಊರಿಗೆಲ್ಲ ಹನುಮಂತಕ್ಕ.

ಇವತ್ತಿನ ಎರಡು ಪದ ಬೋರ್ಡಿಗೆ ಬಂದಿವೆ. ಒಂದು ಕಾಂಟ್ರಾಕ್ಟ್: ಇಂಥ ಕೆಲಸ ಇಷ್ಟರಲ್ಲಿ ಮಾಡಿಕೊಡುತ್ತೇನೆಂಬ ಒಪ್ಪಂದ. ಇನ್ನೊಂದು ಕಂಟ್ರಾಪ್ಷನ್: ಯಾತಕ್ಕೆಂದು ನೋಡಿದರೆ ತಿಳಿಯದ, ಹೇಗೋ ಜೋಡಿಸಿದ ಯಂತ್ರ.

ಕ್ಯಾನು ಹಿಡಿದು ಬಂದ ಮರಿಯಪ್ಪ ಬಲ್ಬಿನ ಕೆಳಗೆ ನಿಂತು ಓದಿ ತಲೆದೂಗುತ್ತಾನೆ. “ನಮ್ ಬೈರಪ್ಪನ ಟಿಲ್ಲರ್ ಕಣಕ್ಕ ಇದು.”

ಹಿಂದೆಯೇ ನಿಂತಿದ್ದ ಬೈರಪ್ಪ ಬಿಡುವವನಲ್ಲ. “ಲೇ ಮರಿಯಪ್ಪ, ನಿನ್ ಹಲ್ಸೆಟ್ ನೋಡ್ಕಂಡು ಮಾತಾಡ್ಲಾ. ಊಟಕ್ ಕೂತಾಗ ಜೇಬ್ಗಾಕ್ತೀಯ, ಮಾತಾಡಾಕ್ ಬಾಯ್ಗಾಕ್ತೀಯ. ಕಂಟ್ರಾಪ್ಷನ್ ಅಂದ್ರೆ ಅದು ಕಣ್ಲಾ!”

“ಇಬ್ರೂ ಸರಿಯಾಗೇ ತಿಳ್ಕಂಡಿದ್ದೀರ, ಕ್ಯಾನ್ ಇಡಿ” ಎನ್ನುತ್ತಾರೆ ಹನುಮಂತಕ್ಕ, ನಗದೆ.

ಹಾಲು ಹಾಕುವುದಕ್ಕೂ ಇಲ್ಲಿ ಒಂದು ಕ್ರಮವಿದೆ. ಸ್ಯಾಂಪಲ್ ತೆಗೆದು, ಮಿಷಿನ್ನಿಗೆ ಹಿಡಿದು, ಅಂಕಿ ಬಂದ ಮೇಲೆ ಚೀಟಿ ಹರಿಯುವ ಮುನ್ನ ಅಕ್ಕ ಒಂದೇ ಮಾತು ಕೇಳುತ್ತಾರೆ: “ನೆನ್ನೇದು?” ಹಿಂದಿನ ದಿನದ ಪದವನ್ನೂ ಅರ್ಥವನ್ನೂ ಹೇಳಿದರೆ ಚೀಟಿ ಕೈಗೆ. ಹೇಳದಿದ್ದರೂ ಚೀಟಿ ಕೈಗೇ. ಆದರೆ, “ಆಗ್ಲಿ ಬುಡು, ಹಸೀಗ್ ಮೇವು ಹಾಕೋದು ಮರ್ತಿಲ್ವಲ್ಲ” ಎಂದು ಅವರು ಮೆಲ್ಲಗೆ ಹೇಳುವ ಮಾತು ಕೇಳಿಸಿಕೊಂಡು ಮನೆಗೆ ಹೋಗುವುದು ಕಷ್ಟ. ನನ್ನೊಬ್ಬನನ್ನು ಮಾತ್ರ ಅವರು ಕೇಳುವುದಿಲ್ಲ. ಎಲ್ಲ ಗೊತ್ತಿರುವವನನ್ನು ಕೇಳಿ ಏನು ಪ್ರಯೋಜನ? ಹಾಗೆಂದು ನಾನೇ ಮೊದಲ ವಾರದಲ್ಲೇ ಅವರಿಗೆ ತಿಳಿಸಿದ್ದೇನೆ.

ದಿನದಂತೆ ಇವತ್ತೂ ಮೊದಲ ಸರದಿ ನನ್ನದೇ, ಕ್ಯಾನಿನ ಮೇಲಿಂದ ಊಟದ ತಟ್ಟೆ ಎತ್ತುತ್ತೇನೆ. ಮುಚ್ಚಳ ಕಳೆದು ಹತ್ತು ದಿನವಾಯಿತು. ಮನೆಯಾಕೆ ಲತಾಮಣಿ ತವರಿನಿಂದ ತಂದ ಕ್ಯಾನು ಅದು. ಬೆಳಿಗ್ಗೆ ಸಂಜೆ ಆ ಮುಚ್ಚಳದ ಮಾತೇ ಆಗಿರುವುದರಿಂದ ಇಲ್ಲಿ ಅದನ್ನು ಎತ್ತುವುದು ಬೇಡ.

ಲೆಕ್ಕಕ್ಕೆ ಬರೋಣ. ದಿನಾ ಬೆಳಿಗ್ಗೆ ಇವರ ಕೈಯಿಂದ ಹತ್ತು ಸಾವಿರ ಲೀಟರ್ ಹಾಲು ಹಾಯುತ್ತದೆ ಎಂದು ನಾನು ಬರೆದುಕೊಂಡೆ. ಅಕ್ಕ ಪುಸ್ತಕದ ಮೇಲೆ ಬಗ್ಗಿ ನೋಡಿದರು. “ಆರ್ನೂರ ಹತ್ತು ಕಣಪ್ಪ.” ಸದಸ್ಯರು ಎರಡು ಸಾವಿರ? “ನೂರ ಹದಿನೆಂಟು.” ಇಲ್ಲಿಯವರೆಗೆ ಕಲಿಸಿದ ಇಂಗ್ಲಿಷ್ ಪದಗಳು ಎಪ್ಪತ್ತು ಸಾವಿರ? “ಏಳ್ನೂರ ನಲವತ್ತು. ಅವೇ ತಿರ್ಗಾ ಮುರ್ಗಾ. ಈಗ ಆರ್ನೇ ಸುತ್ತು.”

ಏಳುನೂರ ನಲವತ್ತೇ ಏಕೆ ಎಂದರೆ ಅವರ ಬಳಿ ಇರುವ ನಿಘಂಟೇ ಅಷ್ಟು. ಮೂವತ್ತೆರಡು ಪುಟ. ರಟ್ಟಿಲ್ಲ, ಮೊದಲಿಲ್ಲ, ಕೊನೆಯಿಲ್ಲ. ಶುರುವಾಗುವುದೂ ಸಿ-ಓ-ಎನ್ ಪದದಲ್ಲಿ, ಮುಗಿಯುವುದೂ ಅದರಲ್ಲೇ. ಹಾಗಾಗಿ ನಮ್ಮೂರಿನವರ ಇಂಗ್ಲಿಷೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬಂದದ್ದು. ನಮ್ಮವರಿಗೆ ಕಾನ್ಶಿಯನ್ಸ್ ಎಂದರೆ ಒಳಗಿನ ಸಾಕ್ಷಿ ಎಂದು ಗೊತ್ತು, ಕಾನ್ವಲೆಸ್ ಎಂದರೆ ಕಾಯಿಲೆಯಿಂದ ಮೆಲ್ಲಗೆ ಚೇತರಿಸಿಕೊಳ್ಳುವುದು ಎಂದೂ ಗೊತ್ತು. ಬೆಕ್ಕಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ಈ ಕಟ್ಟು ಸಿಕ್ಕಿದ ಬಗೆ ಕೇಳಿ. ಹನುಮಂತಕ್ಕ ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಈ ಊರಿಗೆ ಬಂದು, ಗಂಡ ದೊಡ್ಡಮುನಿಯಪ್ಪನ ಜೊತೆ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿದವರು. ಕನಕಪುರದಲ್ಲಿ ಹದಿನೈದು ದಿನ ತರಬೇತಿ ಪಡೆದು ಟೆಸ್ಟರ್ ಆದರು. ಆಗ ಗಾಜಿನ ಕೊಳವೆ, ಲ್ಯಾಕ್ಟೋಮೀಟರ್. ಆರು ವರ್ಷದ ಹಿಂದೆ ಹೊಸ ಮಿಷಿನ್ ಬಂತು. ಅದು ಬಂದ ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಅದರ ಪುಟ್ಟ ಪರದೆಯ ಮೇಲೆ ಅಕ್ಷರಗಳು ಮಿಣಿಮಿಣಿ ಎನ್ನತೊಡಗಿದವು. ಅಂಕಿಗಳೂ ಬಂದವು, ಆದರೆ ಎಲ್ಲರ ಫ್ಯಾಟೂ ಇಳಿದಿತ್ತು. ಮರುದಿನವೂ ಹಾಗೇ. ಮೂರನೇ ದಿನವೂ ಹಾಗೇ.

“ಮೂರ್ ದಿನ ಕಣಪ್ಪ. ನಮ್ ಹಾಲ್ನ ಕೆನೆ ನೀನ್ ತಿಂತಾ ಇದ್ದೀಯ ಅಂತ ಮಕದ್ ಮೇಲೇ ಅಂದ್ರು. ನಮ್ ಅತ್ತೆ ತಂಗಿನೂ ಅಂದ್ಲು. ಟೆಸ್ಟರ್ಗೆ ಇರೋದು ನಂಬ್ಕೆ ಒಂದೇ ಅಲ್ವಾ? ಅದೂ ಹೋದ್ ಮ್ಯಾಲೆ ಇನ್ನೇನೈತೆ” ಎನ್ನುವಾಗ ಅವರು ಸ್ಯಾಂಪಲ್ ಬಾಟಲಿಗಳನ್ನು ತೊಳೆಯುತ್ತಲೇ ಇರುತ್ತಾರೆ. “ನಾಕ್ನೇ ದಿನ ಮಿಷಿನ್ ರಿಪೇರಿಯವ್ರು ಬಂದ್ರು. ನೋಡಿ ನಕ್ಬುಟ್ರು. ಕಾಂಟ್ಯಾಕ್ಟ್ ಸರ್ವಿಸ್ ಅಂತ ಅಲ್ಲೇ ಬರ್ದೈತಲ್ಲಮ್ಮ, ಮಿಷಿನ್ ಕೆಟ್ಟೈತೆ ಕರೀರಿ ಅಂತ ಅದೇ ಕೂಗ್ತಾ ಐತಲ್ಲ ಅಂದ್ರು. ಅಲ್ಲೇ ಬರ್ದಿತ್ತು. ನಾನು ಮೂರ್ ದಿನ ಅದ್ರ ಎದುರ್ಗೇ ಕೂತಿದ್ದೆ.”

ಅಂದು ಮನೆಗೆ ಹೋಗಿ ಹುಳದ ತಟ್ಟೆಗಳಿಗೆ ಕಾಗದ ಹಾಸಲು ಕೂತರು. ಗುಜರಿ ಅಂಗಡಿಯ ಖಲಂದರ್ ಸಾಬರಿಂದ ತೂಕಕ್ಕೆ ತಂದ ಹಳೇ ಕಾಗದದ ಕಟ್ಟು. ಅದರೊಳಗೆ ದಾರದಲ್ಲಿ ಹೊಲಿದ ಒಂದು ಚೂರು ಪುಸ್ತಕ. ತೆರೆದರೆ ಬೆಳಿಗ್ಗೆ ಮಿಷಿನ್ನಿನ ಮೇಲೆ ಮಿಣುಕುತ್ತಿದ್ದ ಪದದ ಅದೇ ಮೊದಲ ಮೂರು ಅಕ್ಷರ, ಸಿ-ಓ-ಎನ್, ಸಾಲು ಸಾಲು, ಪುಟ ಪುಟ. ಪಕ್ಕದಲ್ಲಿ ಕನ್ನಡದ ಅರ್ಥ. ಹನುಮಂತಕ್ಕ ಆ ಚೂರನ್ನು ಹುಳಗಳಿಗೆ ಹಾಸಲಿಲ್ಲ.

ಉಳಿದ ಪುಸ್ತಕ ಎಲ್ಲಿ ಎಂದು ಸಾಬರನ್ನು ಕೇಳಿಸಿದರಂತೆ. ಅದು ಆಗಲೇ ಬೇರೆ ಬೇರೆ ಊರಿನ ಹುಳಗಳ ಕೆಳಗೆ ಸೇರಿತ್ತು. ಆ ವರ್ಷ ರಾಮನಗರದ ಮಾರುಕಟ್ಟೆಗೆ ಬಂದ ರೇಷ್ಮೆಗೂಡುಗಳಲ್ಲಿ ಕೆಲವು ಇಂಗ್ಲಿಷಿನಲ್ಲಿ ಚೌಕಾಸಿ ಮಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

“ನನ್ನ ಮನೆಯಲ್ಲಿ ಹದಿನಾಲ್ಕು ನಿಘಂಟು ಇವೆ ಅಕ್ಕ, ಒಂದು ಕೊಡುತ್ತೇನೆ” ಎಂದು ನಾನು ಆರು ವರ್ಷದಿಂದ ಹೇಳುತ್ತಿದ್ದೇನೆ. ಅವರಿಗೆ ಅವಸರವಿಲ್ಲ. “ನಿಧಾನ್ಕೆ ಕೊಡೀವಂತೆ. ಈ ಮೂವತ್ತೆರಡು ಪುಟ ಮೊದ್ಲು ಪೂರಾ ಬರ್ಲಿ.”

ಅವರ ಪಾಠದ ಕ್ರಮವನ್ನು ಯಾವ ಶಾಲೆಯಲ್ಲೂ ನೋಡಿಲ್ಲ. ದಿನಕ್ಕೆ ಎರಡೇ ಪದ. ಒಂದು ಈಗಾಗಲೇ ಊರಿನವರ ಬಾಯಲ್ಲಿ ಇರುವಂಥದ್ದು. ಕಂಡಕ್ಟರ್, ಕಂಡೀಷನ್, ಕನೆಕ್ಷನ್, ಕಾನ್ವೆಂಟ್, ಕಾಂಕ್ರೀಟ್, ಕಾನ್‌ಸ್ಟೇಬಲ್. ಇವೆಲ್ಲ ಇಂಗ್ಲಿಷೆಂದು ನಮ್ಮ ಮರಿಯಪ್ಪನಿಗೆ ಗೊತ್ತೇ ಇರಲಿಲ್ಲ. ಕಂಡಕ್ಟರ್ ಕನ್ನಡದವನೇ, ನಮ್ಮ ಬಸ್ಸಿನವನೇ ಎಂದು ವಾದಿಸಿದ್ದ. ಇನ್ನೊಂದು ಅದೇ ಪುಟದ, ಯಾರೂ ಕೇಳಿರದ ಪದ.

“ಹೊಸಾ ಹಸೀನ ಸಂತೆಯಿಂದ ತಂದ್ರೆ ಏನ್ಮಾಡ್ತೀವಿ? ಹಳೇ ಹಸೀನ ಪಕ್ಕ ಕಟ್ಟಾಕ್ತೀವಿ. ಹಳೇದು ನೆಮ್ಮದಿಯಾಗಿ ಮೆಲುಕು ಹಾಕೋದ್ ನೋಡಿ ಹೊಸದೂ ಮೈ ಸಡ್ಲ ಬುಡ್ತದೆ. ಮಾತೂ ಹಂಗೇ. ಗೊತ್ತಿರೋದ್ರ ಪಕ್ಕ ಗೊತ್ತಿಲ್ದೇ ಇರೋದ್ನ ಕಟ್ಟಾಕೋದು.”

ಎಲ್ಲರ ಕೈಯಲ್ಲೂ ಫೋನಿದೆಯಲ್ಲ, ಅದರಲ್ಲಿ ಇಡೀ ಇಂಗ್ಲಿಷೇ ಇದೆಯಲ್ಲ ಎಂದೆ.

“ಎಲ್ಲಾ ಐತೆ, ಅದ್ಕೇ ಯಾರೂ ನೋಡಾಕಿಲ್ಲ. ಇಲ್ಲಿ ಎರಡೇ ಇರೋದ್ರಿಂದ ನೋಡ್ತಾರೆ.”

ನೋಡಿದ್ದರಿಂದ ಆದ ಪ್ರಯೋಜನ ಬೇಕಾದರೆ ಸುಚಿತ್ರಾಳನ್ನು ಕೇಳಬೇಕು. ಬೆಳಗಿನ ಬಸ್ಸಿಗೆ ಹಾರೋಹಳ್ಳಿಯ ಕಡೆಯ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಹುಡುಗಿ. ಹೋಗುವ ಮುಂಚೆ ತಾಯಿಯ ಹೆಸರಿನಲ್ಲಿ ನಾಲ್ಕು ಲೀಟರ್ ಹಾಕುತ್ತಾಳೆ. ಹೋದ ವರ್ಷ ಅವಳ ಸಾಲಿನ ಹನ್ನೊಂದು ಜನಕ್ಕೂ ಒಂದೊಂದು ಹಾಳೆ ಕೊಟ್ಟು ಸಹಿ ಹಾಕಿ ಎಂದರಂತೆ. “ಮೇಲ್ಗಡೆ ದಪ್ಪಕ್ಷರದಲ್ಲಿ ಕನ್‌ಸೆಂಟ್ ಅಂತಿತ್ತಣ್ಣ. ಕನ್‌ಸೆಂಟ್ ಅಂದ್ರೆ ಒಪ್ಪಿಗೆ, ನಮ್ ಬೋರ್ಡ್ನಲ್ಲಿ ನಾಕ್ ಸಲ ಬಂದಿತ್ತು. ಯಾವ್ದಕ್ ಒಪ್ಪಿಗೆ ಸಾರ್, ಒಸಿ ಕನ್ನಡದಲ್ಲಿ ಹೇಳಿ ಅಂದೆ. ಉಳಿದ ಹತ್ತು ಜನಾನೂ ಪೆನ್ ಕೆಳ್ಗಿಟ್ರು.” ರಾತ್ರಿ ಪಾಳಿಗೆ ಒಪ್ಪಿಗೆಯಂತೆ ಅದು. ಕೂರಿಸಿ ಕನ್ನಡದಲ್ಲಿ ವಿವರಿಸಿದ ಮೇಲೆ ಆರು ಜನ ಒಪ್ಪಿದರು, ಐದು ಜನ ಒಪ್ಪಲಿಲ್ಲ. ಸುಚಿತ್ರಾ ಒಪ್ಪಿದವರಲ್ಲಿ ಒಬ್ಬಳು. “ಗೊತ್ತಾಗಿ ಒಪ್ಪೋದು ಬೇರೆ ಅಲ್ವಾಣ್ಣ?”

ಇಂಥ ಬೋರ್ಡು ನಾಡಿದ್ದಿನಿಂದ ಇರುವುದಿಲ್ಲ. ಈ ಲೇಖನ ಬರೆಯಲು ನಾನು ಹೊರಟಿದ್ದೂ ಅದಕ್ಕೇ.

ಆದದ್ದು ಇಷ್ಟು. ಹತ್ತು ದಿನದ ಹಿಂದೆ, ಬುಧವಾರ. ಹಿಂದಿನ ಸಂಜೆ ದನದ ಡಾಕ್ಟರು ಬರುವ ಸುದ್ದಿ ಬರೆದಿದ್ದರಿಂದ ಬೋರ್ಡಿನ ನೆತ್ತಿಯಲ್ಲಿ ‘ಎಲ್ಲ ಸದಸ್ಯರ ಗಮನಕ್ಕೆ’ ಎಂಬ ಸಾಲು ಒರೆಸದೆ ಉಳಿದಿತ್ತು. ಅದರ ಕೆಳಗೆ ಹನುಮಂತಕ್ಕ ಅಂದಿನ ಎರಡು ಪದ ಬರೆದು, ಕ್ಯಾನು ತೊಳೆಯಲು ಹಿತ್ತಲಿನ ತೊಟ್ಟಿಗೆ ಹೋದರು. ಮೊದಲನೆಯದು ಕಂಟೈನರ್: ಹಾಲು ಮುಂತಾದ್ದನ್ನು ತುಂಬುವ ಕ್ಯಾನು. ಎರಡನೆಯದು ಕಂಟಾಮಿನೇಟ್: ಕೆಡಿಸುವುದು, ವಿಷ ಬೆರೆಸುವುದು.

ಮಂಜು, ಅರೆಗತ್ತಲು. ಯಾರೋ ಒಬ್ಬ ಅವಸರದ ಪ್ರಾಣಿ ಎಲ್ಲರಿಗಿಂತ ಮೊದಲು ಬಂದಿದ್ದಾನೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಓದಿದ್ದಾನೆ. ಸದಸ್ಯರ ಗಮನಕ್ಕೆ, ಹಾಲಿನ ಕ್ಯಾನು, ವಿಷ! ಒಳಗೆ ಕೂಗಿ ಕೇಳುವ ವ್ಯವಧಾನವೂ ಇಲ್ಲದೆ ಟಿವಿಎಸ್ ತಿರುಗಿಸಿ ಊರ ಕಡೆ ಹಾರಿದ್ದಾನೆ. ಮಂಕಿ ಕ್ಯಾಪು, ಮಫ್ಲರು. ರಾಮಮಂದಿರದ ಮೂಲೆಯಲ್ಲಿ ಕ್ಯಾನು ಹಿಡಿದು ಬರುತ್ತಿದ್ದವರಿಗೆ, “ಹಾಲಿಗೆ ವಿಷ ಬಿದ್ದೈತಂತೆ, ಡೇರೀಲಿ ಬೋರ್ಡ್ ಹಾಕವ್ರೆ, ಮೂರ್ ಜನ ಆಸ್ಪತ್ರೆ ಸೇರವ್ರಂತೆ” ಎಂದು ಕಿರುಚಿ, ನಿಲ್ಲಿಸದೆ ಹೋಗಿದ್ದಾನೆ. ಬಂದವರೆಲ್ಲ ಅಲ್ಲಿಂದಲೇ ವಾಪಸ್ಸು. ಬೋರ್ಡಿನವರೆಗೆ ಬಂದು ನೋಡಿದ್ದರೆ ಅವರಿಗೇ ತಿಳಿಯುತ್ತಿತ್ತು, ಬರಲಿಲ್ಲ. ಆರುನೂರ ಹತ್ತು ಲೀಟರ್ ಬರಬೇಕಾದ ಕಡೆ ಬಂದದ್ದು ನೂರ ತೊಂಬತ್ತು. ಟ್ಯಾಂಕರ್ ಅಷ್ಟನ್ನೇ ಹೊತ್ತು ಹೋಯಿತು. ಮರಿಯಪ್ಪ ತನ್ನ ಹನ್ನೊಂದು ಲೀಟರನ್ನು ತೆಂಗಿನ ಬುಡಕ್ಕೆ ಸುರಿದು, ಮೂರು ದಿನ ಆ ಮರದ ಎಳನೀರನ್ನೂ ಮುಟ್ಟಲಿಲ್ಲ.

ಓಡಿದವನು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ನನ್ನನ್ನು ಕೇಳಿದರೆ ಅವನು ಈ ಊರಿನವನೇ ಅಲ್ಲ. ಇಂಗ್ಲಿಷಿನ ಗಂಧಗಾಳಿಯಿಲ್ಲದ ಹೆಡ್ಡ ಎಂಬುದಂತೂ ಖಂಡಿತ. ಅವನು ಕೈಗೆ ಸಿಕ್ಕಿದರೆ ನಿಘಂಟಿನ ಇಪ್ಪತ್ತಾರು ಅಕ್ಷರಗಳಿಂದಲೂ ಬೈಯಲು ನಾನು ತಯಾರಿದ್ದೇನೆ.

ಡೇರಿಯ ಅಧ್ಯಕ್ಷ ಚಲುವಯ್ಯ ಕೆಟ್ಟವರಲ್ಲ, ಆದರೆ ಲೆಕ್ಕದವರು. ಕಮಿಟಿ ಕರೆದರು. ಬೋರ್ಡು ಇರುವುದು ನೋಟೀಸಿಗೆ. ಅದರ ಮೇಲೆ ಬರೆದದ್ದೆಲ್ಲ ನೋಟೀಸೆಂದು ಜನ ನಂಬುವುದು ಸಹಜ. ಹಾಗಾಗಿ ಭಾನುವಾರದ ಸಭೆಯ ನಂತರ ಪದಗಳು ಬಂದ್, ಬಲಭಾಗಕ್ಕೆ ಪಶು ಆಹಾರದ ಜಾಹೀರಾತು ಬರೆಸುವುದು ಎಂದು ಮಾತಾಯಿತು. ಹನುಮಂತಕ್ಕ ವಾದ ಮಾಡಲಿಲ್ಲ. “ಮೇಲಿನ ಸಾಲು ಒರೆಸ್ದೆ ಬುಟ್ಟೋಳು ನಾನು. ತಪ್ಪು ನಂದೇ” ಎಂದು ಬರೆದುಕೊಟ್ಟರು.

“ಬೇಜಾರಿಲ್ವಾ ಅಕ್ಕ?”

ಅವರು ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಅವತ್ತು ಮಿಷಿನ್ ಮುಂದೆ ನಾನ್ ಕೂತಿದ್ನಲ್ಲ, ಎದುರ್ಗೇ ಬರ್ದಿದ್ರೂ ತಿಳೀದೆ. ಹಂಗೆ ಈ ಊರಲ್ಲಿ ಇನ್ಯಾರೂ ಕೂರ್ಬಾರ್ದು ಅಂತ ಶುರು ಮಾಡ್ದೆ. ಅದೇ ಬೋರ್ಡೇ ಜನಾನ ಹೆದ್ರಿಸ್ತು ಅಂದ್ರೆ ಬೇಜಾರಾಗ್ದೆ ಏನು. ನೀನ್ ಬರಿ ಕಣಪ್ಪ. ಇದ್ದಿದ್ನ ಇದ್ದಂಗೆ ಬರಿ, ಸಾಕು.”

ನಾನು ಬರೆದರೆ ಬೋರ್ಡು ಉಳಿಯುವುದಷ್ಟೇ ಅಲ್ಲ, ಸಾತನೂರು ಸರ್ಕಲ್ಲಿನಲ್ಲಿ ಅವರ ಹೆಸರಿನ ಕಮಾನೇ ಏಳುತ್ತದೆ ಎಂದು ಭರವಸೆ ಕೊಟ್ಟು ಬಂದೆ.

ಇಲ್ಲಿಯವರೆಗೆ ಬರೆದದ್ದನ್ನು ಭಾನುವಾರ ಬೆಳಿಗ್ಗೆ ಡೇರಿಗೆ ಒಯ್ದೆ. ಸಭೆಯಲ್ಲಿ ಓದಿದರೆ ಕಮಿಟಿ ಕಣ್ಣೀರಿಡುವುದು ಖಾತ್ರಿ ಎಂಬ ಧೈರ್ಯ. ಹಾಲು ಹಾಕಿ ಮುಗಿದಿತ್ತು. ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ ಎಂಬತ್ತು ಜನ ಕೂತಿದ್ದರು. ಚಲುವಯ್ಯ ಕುರ್ಚಿಯಲ್ಲಿ. ಬೋರ್ಡಿನ ಮೇಲೆ ಆ ದಿನದ ಎರಡು ಪದ, ಎಲ್ಲರ ಲೆಕ್ಕದಲ್ಲಿ ಕೊನೆಯ ಎರಡು. ಕಂಟ್ರೋಲ್: ಹತೋಟಿ. ಕಂಟ್ರೈಟ್: ಮಾಡಿದ ತಪ್ಪಿಗೆ ಮನಸಾರೆ ಮರುಗುವ. ಪುಸ್ತಕದ ಸಾಲಿನಲ್ಲಿ ಅವು ಅಂದಿಗೆ ಬರಬೇಕಿತ್ತು, ಬಂದಿದ್ದವು.

ಓದಿದೆ. ಲಂಡನ್ನಿನ ಫೋನಿಗೆ ನಕ್ಕರು. ಮರಿಯಪ್ಪನ ಹಲ್ಲಿಗೆ ಇನ್ನೂ ಜೋರಾಗಿ ನಕ್ಕರು. ಮಿಷಿನ್ನಿನ ಮೂರು ದಿನದ ಕತೆಗೆ ಕೆಲವರು ತಲೆ ತಗ್ಗಿಸಿದರು. ಓಡಿದ ಹೆಡ್ಡನ ಪ್ಯಾರಾ ಮುಗಿಸಿ, ಇಪ್ಪತ್ತಾರು ಅಕ್ಷರಗಳ ಬೈಗುಳಕ್ಕೆ ಚಪ್ಪಾಳೆ ಬರಲೆಂದು ತಡೆದು ನಿಂತೆ.

ಹನುಮಂತಕ್ಕ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಉಜ್ಜಿ ತೊಳೆದ ಒಂದು ಸ್ಟೀಲ್ ಮುಚ್ಚಳ.

“ಬಾಲರಾಜು, ಇದ್ರ ಮೇಲೇನೋ ಕೊರ್ಸವ್ರೆ. ಕನ್ನಡಾನೇ. ಒಸಿ ಓದು.”

ನಮ್ಮ ಕಡೆ ತವರಿನಿಂದ ಬರುವ ಪಾತ್ರೆಗೆ ಹೆಸರು ಕೊರೆಸದೆ ಕಳಿಸುವುದಿಲ್ಲ. ಕ್ಯಾನಿನ ಮೇಲೂ ಕೊರೆಸುತ್ತಾರೆ, ಮುಚ್ಚಳದ ಮೇಲೂ ಕೊರೆಸುತ್ತಾರೆ.

“ಲತಾಮಣಿ” ಎಂದು ಓದಿದೆ. ಅಷ್ಟು ಮೆಲ್ಲಗೆ ನಾನು ಜನ್ಮದಲ್ಲಿ ಏನನ್ನೂ ಓದಿಲ್ಲ.

“ಬುಧವಾರ ತೊಟ್ಟಿ ತಾವಿಂದ ಬಂದಾಗ ಮೆಟ್ಟಿಲ ಮೇಲೆ ಬಿದ್ದಿತ್ತು. ದಿನಾ ಮೊದ್ಲ ಚೀಟಿ ನಿಂದೇ. ಅವತ್ತು ನಿನ್ ಚೀಟಿನೇ ಇಲ್ಲ.”

ಎಂಬತ್ತು ಜನ. ಎಲ್ಲರ ಕತ್ತೂ ನನ್ನ ಕಡೆ ತಿರುಗಿದವು.

“ಮತ್ತೆ ಕಮಿಟಿ ಮುಂದೆ ಯಾಕಮ್ಮ ಹೇಳ್ಲಿಲ್ಲ?” ಚಲುವಯ್ಯ ಅಕ್ಕನನ್ನೇ ಕೇಳಿದರು.

“ಅವ್ನೇ ಹೇಳ್ತಾನೆ ಅಂತಿದ್ದೆ. ದಿನಾ ತಟ್ಟೆ ಮುಚ್ಕಂಡ್ ಬತ್ತಿದ್ದ, ದಿನಾ ಕಾದೆ.”

ನಾನು ಕಾಗದ ಮಡಚಿದೆ. ಸುಳ್ಳಿಗೆ ಒಂದು ದಾರಿಯನ್ನಾದರೂ ಹುಡುಕಬಹುದಿತ್ತು. ಆ ಮುಚ್ಚಳ ಅಷ್ಟು ಹೊಳೆಯುತ್ತಿರದಿದ್ದರೆ ಹುಡುಕುತ್ತಿದ್ದೆನೇನೋ. “ನಾನೇ” ಎಂದೆ. “ಬೋರ್ಡ್ ಓದಿ ಓಡಿದ್ದು ನಾನೇ. ಆ ಪದ ನಂಗೆ ಗೊತ್ತಿರ್ಲಿಲ್ಲ. ಅಕ್ಕನ್ನ ಕೇಳಿದ್ರೆ ಗೊತ್ತಿಲ್ಲ ಅಂತ ಗೊತ್ತಾಯ್ತದಲ್ಲ ಅಂತ ಕೇಳ್ಲಿಲ್ಲ.”

“ಮೂರ್ ಜನ ಆಸ್ಪತ್ರೆ ಸೇರವ್ರೆ ಅಂದಿದ್ದು?” ಮರಿಯಪ್ಪ ಎದ್ದು ನಿಂತಿದ್ದ.

“ಅದೂ ನಾನೇ. ಬೋರ್ಡ್ನಲ್ಲಿ ಇರ್ಲಿಲ್ಲ. ಬರೀ ವಿಷ ಅಂದ್ರೆ ಸಪ್ಪೆಯಾಯ್ತದೆ ಅಂತ ಸೇರಿಸ್ದೆ.”

“ನನ್ ಹನ್ನೊಂದ್ ಲೀಟ್ರು ಕಣ್ಲಾ! ತೆಂಗಿನ್ ಮರ ಕುಡೀತು!”

“ಕೂತ್ಕೊಳ್ಳಪ್ಪ ಮರಿಯಪ್ಪ, ನಿನ್ ಮರ ಕಾನ್ವಲೆಸ್ ಆಗೈತೆ” ಎಂದ ಬೈರಪ್ಪ. ಆಗ ಎಲ್ಲರೂ ನಕ್ಕರು. ಹನುಮಂತಕ್ಕ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಸಭೆ ಹೆಚ್ಚು ಹೊತ್ತು ನಡೆಯಲಿಲ್ಲ.

“ಹಂಗಾದ್ರೆ ಕೆಟ್ಟಿದ್ದು ಬೋರ್ಡಲ್ಲ” ಎಂದರು ಚಲುವಯ್ಯ. ತಾವೇ ಎದ್ದು ಸೀಮೆಸುಣ್ಣದಿಂದ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು. ಎಡಕ್ಕೆ ನೋಟೀಸು, ಬಲಕ್ಕೆ ಪದ. ಆ ಗೆರೆಯನ್ನು ಬಿಳಿ ಬಣ್ಣದಲ್ಲಿ ಖಾಯಂ ಮಾಡುವುದೆಂದೂ, ಬಣ್ಣವೂ ಕುಂಚವೂ ಬಾಲರಾಜುವಿನದೆಂದೂ ಠರಾವಾಯಿತು. ಪಶು ಆಹಾರದ ಜಾಹೀರಾತು ಪಂಪ್‌ಹೌಸಿನ ಗೋಡೆಗೆ ಹೋಯಿತು. ನಿನ್ನೆ ಸಂಜೆ ಗೆರೆ ಬಳಿದಿದ್ದೇನೆ. ಒಂದು ಗೇಣು ಸೊಟ್ಟಗಿದೆ. ಯಾರಾದರೂ ನೋಡಬಹುದು.

ಓದುಗರಿಗೂ ಉಳಿದದ್ದನ್ನು ಹೇಳಿಬಿಡುತ್ತೇನೆ. ಲಂಡನ್ನಿನಿಂದ ಯಾರೂ ಫೋನು ಮಾಡಿಲ್ಲ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ನನಗೆ ಮೂರನೇ ಸಲಕ್ಕೆ ದಕ್ಕಿತು, ಪಾಸಿಗೆ ಬೇಕಾದ ಮೂವತ್ತೈದಕ್ಕೆ ಮೂವತ್ತೈದೇ. ನನ್ನ ಮನೆಯಲ್ಲಿ ಹದಿನಾಲ್ಕು ನಿಘಂಟಿಲ್ಲ, ಒಂದೂ ಇಲ್ಲ. ಎಮ್ಮೆಗಳು ಬಾಲ ಕಚ್ಚಿಕೊಂಡು ನಡೆಯಲಿಲ್ಲ. ಹನುಮಂತಕ್ಕನ ಬಗ್ಗೆ ಬರೆದದ್ದರಲ್ಲಿ ಮಾತ್ರ ಒಂದು ಅಂಕಿಯೂ ನನ್ನದಲ್ಲ, ಎಲ್ಲ ಅವರು ತಿದ್ದಿದವು.

ಸೋಮವಾರ ಬೆಳಿಗ್ಗೆ ಮುಚ್ಚಳವಿರುವ ಕ್ಯಾನು ಇಟ್ಟು ಕೈ ಚಾಚಿದೆ. ಚೀಟಿ ಬರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಹನುಮಂತಕ್ಕ ನನ್ನ ಮುಖ ನೋಡಿ ಕೇಳಿದರು.

“ನೆನ್ನೇದು?”

“ಕಂಟ್ರೈಟ್” ಎಂದೆ. “ಮಾಡಿದ ತಪ್ಪಿಗೆ ಮನಸಾರೆ ಮರುಗುವ.”

ಅವರು ಚೀಟಿ ಹರಿದು ಕೊಟ್ಟರು. ಆ ಬೋರ್ಡಿನಿಂದ ನಾನು ಕಲಿತ ಇಂಗ್ಲಿಷು ಇಲ್ಲಿಯವರೆಗೆ ಅದೊಂದೇ ಪದ.